ವಿಂಡೋಸ್ 10 ಕಾಲ ಮುಗೀತು, ಹಳೇ ಲ್ಯಾಪ್‌ಟಾಪ್ ಏನು ಮಾಡೋದು?

ಕಾಗದದೋಣಿ
ಆರನೇ ತಲೆಮಾರಿನ ಐ5 (6200ಯು), 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್, 1366 × 768 ಪರದೆ, ವಿಂಡೋಸ್ 10 ಹೋಮ್. ಆನ್ ಮಾಡಿ ಬ್ರೌಸರ್ ತೆರೆಯೋ ಹೊತ್ತಿಗೆ ಐದಾರು ನಿಮಿಷ ಹೋಗುತ್ತೆ. ಟಾಸ್ಕ್ ಮ್ಯಾನೇಜರ್ ನೋಡಿದ್ರೆ ಡಿಸ್ಕ್ ಸದಾ 100%. ಮೈಕ್ರೋಸಾಫ್ಟ್‌ನ ತಪಾಸಣೆ ಆ್ಯಪ್ ಪಿಸಿ ಹೆಲ್ತ್ ಚೆಕ್ ಪ್ರಕಾರ ವಿಂಡೋಸ್ 11 ಆಗಲ್ಲ. ಕೆಲಸ ಅಂದ್ರೆ ವರ್ಡ್, ಎಕ್ಸೆಲ್, ಬ್ರೌಸರ್, ವಿಡಿಯೋ ಕಾಲ್, ಪ್ರಿಂಟರ್. ಹೊಸದು ಕೊಳ್ಳೋದಾ, ವಿಂಡೋಸ್ ಬದಲಿಗೆ ಉಚಿತ ಲಿನಕ್ಸ್ ಹಾಕೋದಾ, ಇದ್ದ ಹಾಗೇ ಬಿಡೋದಾ?

ಸ್ಕ್ರೂಡ್ರೈವರ್
ಆಪರೇಟಿಂಗ್ ಸಿಸ್ಟಮ್ (ಓಎಸ್) ಚರ್ಚೆ ಆಮೇಲೆ. ಡಿಸ್ಕ್ 100% ಅಂದಮೇಲೆ ರೋಗ ಎಲ್ಲಿದೆ ಅಂತ ನೀವೇ ಹೇಳಿಬಿಟ್ರಿ. ಲ್ಯಾಪ್‌ಟಾಪಿನ 5400 ಆರ್‌ಪಿಎಂ ಹಾರ್ಡ್‌ಡಿಸ್ಕ್ ಒಂದು ದೊಡ್ಡ ಫೈಲನ್ನು ಸಾಲಾಗಿ ಓದುವಾಗ ಸೆಕೆಂಡಿಗೆ 100 ಎಂಬಿ ಆಸುಪಾಸು ಕೊಡುತ್ತೆ. ಆದರೆ ವಿಂಡೋಸ್ ಶುರುವಾಗುವಾಗ ಓದೋದು ಡಿಸ್ಕಿನ ತುಂಬ ಚೆಲ್ಲಾಪಿಲ್ಲಿಯಾಗಿರೋ ಸಾವಿರಾರು ಸಣ್ಣ ಫೈಲುಗಳನ್ನ. ಪ್ರತಿ ಫೈಲಿಗೂ ಮುಳ್ಳು ಅತ್ತಿತ್ತ ಓಡಬೇಕು, ವೇಗ ಸೆಕೆಂಡಿಗೆ 1 ಎಂಬಿಗಿಂತ ಕೆಳಗಿಳಿಯುತ್ತೆ. ಎಸ್‌ಎಸ್‌ಡಿ ಅಂದ್ರೆ ಚಿಪ್‌ನಲ್ಲೇ ಫೈಲ್ ಇಡೋ ಡಿಸ್ಕು, ಅದಕ್ಕೆ ಮುಳ್ಳೂ ಇಲ್ಲ, ಓಡಾಟವೂ ಇಲ್ಲ. ಸಾಟಾ (ಹಾರ್ಡ್‌ಡಿಸ್ಕಿನದೇ ಥರದ ಜೋಡಣೆ) ಎಸ್‌ಎಸ್‌ಡಿ ಸಾಲು ಓದಿನಲ್ಲಿ ಸುಮಾರು 550 ಎಂಬಿ, ಅದಕ್ಕಿಂತ ವೇಗದ ಎನ್‌ವಿಎಂಇ ಥರದ್ದು 3500, ಅದಕ್ಕೂ ಮೇಲೆ ಹೋಗುತ್ತೆ ಅಂತ ಡಬ್ಬಿ ಮೇಲೆ ಬರೆದಿರುತ್ತಾರೆ. ದಿನಬಳಕೆಯಲ್ಲಿ ಆ ಎರಡರ ನಡುವಿನ ಅಂತರ ಹೆಚ್ಚು ಗೊತ್ತಾಗಲ್ಲ. ಹಾರ್ಡ್‌ಡಿಸ್ಕಿನಿಂದ ಸಾಟಾಗೆ ಜಿಗಿದಾಗಿನದ್ದು ಮಾತ್ರ ಕಣ್ಣಿಗೆ ಹೊಡೆಯುತ್ತೆ.

ನಿಮ್ಮದಕ್ಕೆ 2.5 ಇಂಚಿನ, 7 ಮಿಮೀ ದಪ್ಪದ ಸಾಟಾ ಎಸ್‌ಎಸ್‌ಡಿ, 500 ಜಿಬಿ ಸಾಕು. ಒಳಗೆ ಎಂ.2 ಸ್ಲಾಟ್ (ಸಣ್ಣ ಕಾರ್ಡಿನಂಥ ಎಸ್‌ಎಸ್‌ಡಿ ಕೂರಿಸೋ ಜಾಗ) ಕಂಡ್ರೂ ಎನ್‌ವಿಎಂಇ ತರೋಕೆ ಆತುರ ಬೇಡ. ಆ ಕಾಲದ ಎಷ್ಟೋ ಮಾಡೆಲ್‌ಗಳಲ್ಲಿ ಆ ಸ್ಲಾಟ್ ಸಾಟಾ ಎಂ.2 ಮಾತ್ರ ಒಪ್ಪುತ್ತೆ. ಕಾರ್ಡು ಕೂರುತ್ತೆ, ಬಯೋಸ್‌ಗೆ (ಯಂತ್ರ ಆನ್ ಆದಾಗ ಮೊದಲು ಓಡೋ ತಂತ್ರಾಂಶ) ಮಾತ್ರ ಕಾಣಲ್ಲ. ಸರ್ವಿಸ್ ಮ್ಯಾನುಯಲ್ ನೋಡಿಯೇ ತನ್ನಿ.

ನೀಲಿಪರದೆ
ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ನಿಂತಿದೆ. ಮನೆ ಬಳಕೆದಾರರಿಗೆ ಇಎಸ್‌ಯು ಅಂತ ಒಂದು ವರ್ಷದ ವಿಸ್ತರಣೆ ಇದೆ, 2026ರ ಅಕ್ಟೋಬರ್ 13ರವರೆಗೆ. ಆವೃತ್ತಿ 22ಎಚ್2 ಇರಬೇಕು, ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿರಬೇಕು. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಎನ್‌ರೋಲ್ ಕೊಂಡಿ ಇರುತ್ತೆ. ಬರೋದು ಭದ್ರತಾ ತೇಪೆ ಮಾತ್ರ, ಹೊಸ ಸೌಲಭ್ಯ ಏನೂ ಇಲ್ಲ. ಇಷ್ಟೇ ಮುಖ್ಯವಾದ ಇನ್ನೊಂದನ್ನ ಜನ ಮರೀತಾರೆ: ಆಫೀಸ್ 2016 ಮತ್ತು 2019ರ ಬೆಂಬಲವೂ ಅದೇ 2025ರ ಅಕ್ಟೋಬರ್ 14ಕ್ಕೆ ಮುಗೀತು.

ವಿಂಡೋಸ್ 11 ಯಾಕೆ ಆಗಲ್ಲ ಅಂದ್ರೆ, ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನಿಂದಾಚೆ, ಎಎಂಡಿಯಲ್ಲಿ ಹೆಚ್ಚುಕಮ್ಮಿ ರೈಜನ್ 2000 ಸಾಲಿನಿಂದಾಚೆ ಮಾತ್ರ ಪಟ್ಟಿಯಲ್ಲಿವೆ. ವಿಂಡೋಸ್ 11 ಕೇಳೋ ಟಿಪಿಎಂ 2.0 ಅನ್ನೋ ಭದ್ರತಾ ಸೌಲಭ್ಯ ನಿಮ್ಮದರಲ್ಲೂ ಇರಬಹುದು, ಬಯೋಸ್‌ನಲ್ಲಿ ಇಂಟೆಲ್ ಪಿಟಿಟಿ ಅನ್ನೋ ಹೆಸರಲ್ಲಿ ಆಫ್ ಆಗಿ ಕೂತಿರುತ್ತೆ. ಆನ್ ಮಾಡಿದ್ರೂ ಪ್ರೊಸೆಸರ್ ಪಟ್ಟಿಯಲ್ಲಿ ಇಲ್ಲದ್ದರಿಂದ ಮತ್ತೆ ಬೇಡ ಅನ್ನುತ್ತೆ. ರೂಫಸ್ ಅನ್ನೋ ತಂತ್ರಾಂಶದಲ್ಲಿ ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡುವಾಗ ಟಿಪಿಎಂ, ಸೆಕ್ಯೂರ್ ಬೂಟ್ (ಸಹಿ ಇಲ್ಲದ ಓಎಸ್ ಶುರುವಾಗದಂತೆ ತಡೆಯೋದು), ರ‍್ಯಾಮ್ ತಪಾಸಣೆ ತೆಗೆಯೋ ಆಯ್ಕೆ ಇದೆ, ಆ ದಾರೀಲಿ ಹಾಕಬಹುದು. ಆದರೆ ಅಪ್‌ಡೇಟ್ ಬರುತ್ತೆ ಅಂತ ಮೈಕ್ರೋಸಾಫ್ಟ್ ಭರವಸೆ ಕೊಡಲ್ಲ, ವರ್ಷದ ದೊಡ್ಡ ಆವೃತ್ತಿ ಬಂದಾಗೆಲ್ಲ ಇದೇ ಕಸರತ್ತು ಕೈಯಾರೆ ಮಾಡಬೇಕು. ಕೋರ್ 2 ಡ್ಯುಯೋ ಕಾಲದ ಯಂತ್ರ ಇರೋರು ಆ ಆಸೆಯನ್ನೇ ಬಿಡಿ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಎಸ್‌ಎಸ್‌ಇ 4.2 ಅನ್ನೋ ಆದೇಶಗಳ ಗುಂಪು ಇಲ್ಲದ ಪ್ರೊಸೆಸರ್‌ನಲ್ಲಿ ಬೂಟೇ ಆಗಲ್ಲ.

ಪೆಂಗ್ವಿನ್_ಪರ
ಇಷ್ಟೆಲ್ಲ ಸರ್ಕಸ್ ಯಾಕೆ? ಲಿನಕ್ಸ್ ಮಿಂಟ್ 22 (ಲಿನಕ್ಸ್‌ನ ಒಂದು ರೂಪ), ಬೆಂಬಲ 2029ರವರೆಗೆ. ಕನಿಷ್ಠ 2 ಜಿಬಿ ರ‍್ಯಾಮ್ ಅಂತಾರೆ, ನೆಮ್ಮದಿಗೆ 4. ನಿಮ್ಮ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಅನ್ನೋ ಪರದೆ ವಿನ್ಯಾಸದ ಆವೃತ್ತಿ ಹಗುರ. 8 ಜಿಬಿ ಮಾಡಿಸಿದ್ರೆ ಸಿನಮನ್ ವಿನ್ಯಾಸದ್ದು ಹಾಕಿ, ವಿಂಡೋಸ್ 7 ಬಳಸಿದ ಕೈಗೆ ಏನೂ ಹೊಸದು ಅನ್ನಿಸಲ್ಲ.

ಕ್ರಮ: ಐಎಸ್‌ಒ ಅನ್ನೋ ಇನ್‌ಸ್ಟಾಲ್ ಫೈಲ್ ಇಳಿಸಿ (ಸುಮಾರು 3 ಜಿಬಿ), ಅದು ಕೆಟ್ಟಿಲ್ಲ ಅಂತ ತಿಳಿಯೋಕೆ ಎಸ್‌ಎಚ್‌ಎ256 ಮೊತ್ತ ತಾಳೆ ನೋಡಿ, ರೂಫಸ್ ಅಥವಾ ಎಚರ್‌ನಲ್ಲಿ 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಿರಿ, ಅದರಿಂದ ಬೂಟ್ ಮಾಡಿ. ತಕ್ಷಣ ಇನ್‌ಸ್ಟಾಲ್ ಒತ್ತಬೇಡಿ. ಲೈವ್ ಸ್ಥಿತಿಯಲ್ಲೇ (ಪೆನ್‌ಡ್ರೈವ್‌ನಿಂದಲೇ ಓಡುವಾಗ) ವೈಫೈ, ಧ್ವನಿ, ಕ್ಯಾಮೆರಾ, ಪರದೆ ಬೆಳಕಿನ ಕೀ, ಮುಚ್ಚಳ ಮುಚ್ಚಿ ತೆರೆದಾಗ ಎಚ್ಚರವಾಗೋದು, ಪ್ರಿಂಟರ್, ಇಷ್ಟನ್ನೂ ಒಂದೊಂದಾಗಿ ಪರೀಕ್ಷಿಸಿ. ಬ್ರಾಡ್‌ಕಾಮ್ ವೈಫೈ ಚಿಪ್ ಇದ್ರೆ ಮೊದಲಿಗೆ ನೆಟ್ ಸಿಗದೇ ಹೋಗಬಹುದು. ಆಗ ಫೋನನ್ನ ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಡ್ರೈವರ್ ಮ್ಯಾನೇಜರ್‌ನಿಂದ ಡ್ರೈವರ್ ಹಾಕಿ. ಬೆರಳಚ್ಚು ಓದುವ ಸಾಧನ ನಡೆಯುತ್ತೆ ಅಂತ ನಂಬ್ಕೊಂಡು ಕೂರಬೇಡಿ, ಬಹುಪಾಲು ನಡೆಯಲ್ಲ. ಟೈಪಿಂಗ್‌ಗೆ ಕೀಬೋರ್ಡ್ ಸೆಟ್ಟಿಂಗ್‌ನಲ್ಲೇ ಕನ್ನಡ, ಕನ್ನಡ ಕಗಪ ಎರಡೂ ವಿನ್ಯಾಸ ಇವೆ.

ಮ್ಯಾಕ್ರೋಮಂಜರಿ
ಪೆಂಗ್ವಿನ್ ಅವ್ರೇ, ಪ್ರಶ್ನೆಯಲ್ಲಿ ಎಕ್ಸೆಲ್ ಅಂತ ಇದೆ, ಅದನ್ನ ದಾಟಿಕೊಂಡು ಹೋಗಿಬಿಟ್ರಿ. ಬರೀ ಕೂಡೋದು ಕಳೆಯೋದು, ಪಟ್ಟಿ ಮಾಡೋದು ಅಂದ್ರೆ ಉಚಿತ ಲಿಬ್ರೆಆಫೀಸ್‌ನ ಕ್ಯಾಲ್ಕ್ ಧಾರಾಳ ಸಾಕು. ವಿಬಿಎ ಮ್ಯಾಕ್ರೋ (ಎಕ್ಸೆಲ್ ಒಳಗೆ ಬರೆದ ಪುಟ್ಟ ಪ್ರೋಗ್ರಾಂ) ಇದ್ರೆ ಅರ್ಧಂಬರ್ಧ ಓಡುತ್ತೆ, ಹೊರಗಿನ ಡೇಟಾ ತರೋ ಪವರ್ ಕ್ವೆರಿ ಇಲ್ಲವೇ ಇಲ್ಲ. ಪಟ್ಟಿಯಲ್ಲಿ ಹುಡುಕೋ ಎಕ್ಸ್‌ಲುಕ್‌ಅಪ್ ಸೂತ್ರ ಬಂದಿರೋದು ಲಿಬ್ರೆಆಫೀಸ್ 24.8 ಆವೃತ್ತಿಯಿಂದ. ಮಿಂಟ್ 22ರ ಜೊತೆ ಬರೋದು 24.2, ಹಾಗಾಗಿ ಆ ಸೂತ್ರ ಇರೋ ಹಾಳೆ ತೆರೆದು ಮತ್ತೆ ಲೆಕ್ಕ ಮಾಡಿಸಿದ್ರೆ ಕೋಶಗಳಲ್ಲಿ ದೋಷ ಬರುತ್ತೆ. ಫ್ಲ್ಯಾಟ್‌ಪ್ಯಾಕ್‌ನಿಂದ (ಲಿನಕ್ಸ್‌ನಲ್ಲಿ ಆ್ಯಪ್ ಹಾಕೋ ಇನ್ನೊಂದು ದಾರಿ) ಹೊಸ ಆವೃತ್ತಿ ಹಾಕ್ಕೊಳ್ಳಬೇಕು.

ವರ್ಡ್ ಕಡತದ ಪುಟ ಒಡೆಯೋದು ಮುಕ್ಕಾಲು ಪಾಲು ಫಾಂಟಿನಿಂದ. ಕ್ಯಾಲಿಬ್ರಿ ಇಲ್ಲದ ಕಡೆ ಬೇರೆ ಅಗಲದ ಅಕ್ಷರ ಕೂತು ಸಾಲು ಜಾರುತ್ತೆ, ಹತ್ತು ಪುಟದ್ದು ಹನ್ನೊಂದಾಗುತ್ತೆ. ಕಾರ್ಲಿಟೊ ಮತ್ತು ಕ್ಯಾಲಡಿಯಾ ಅನ್ನೋ ಫಾಂಟುಗಳು ಕ್ಯಾಲಿಬ್ರಿ, ಕ್ಯಾಂಬ್ರಿಯಾಗಳ ಅಳತೆಗೇ ಕಡೆದಂಥವು, ಅವನ್ನ ಹಾಕಿದ್ರೆ ಅರ್ಧ ತಲೆನೋವು ಹೋಯ್ತು. ಇನ್ನೊಬ್ಬರಿಗೆ ಓದಲು ಮಾತ್ರ ಕಳಿಸೋದಿದ್ರೆ ಪಿಡಿಎಫ್ ಮಾಡಿ ಕಳಿಸಿ. ಟ್ರ್ಯಾಕ್ ಚೇಂಜಸ್ ಹಾಕ್ಕೊಂಡು ನಾಲ್ಕು ಜನ ಒಂದೇ ಕಡತ ತಿದ್ದೋ ಕೆಲಸವಿದ್ರೆ ಎಲ್ಲರೂ ಒಂದೇ ಸಾಫ್ಟ್‌ವೇರ್‌ನಲ್ಲಿ ಇರೋದೇ ವಾಸಿ. ಫೋಟೋಶಾಪ್, ಆಟೋಕ್ಯಾಡ್, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಇವುಗಳಲ್ಲಿ ಒಂದು ಇದ್ರೂ ಲಿನಕ್ಸ್‌ಗೆ ಹಾರೋ ಮುಂಚೆ ಸರಿಯಾಗಿ ವಿಚಾರಿಸಿ.

ಗುಬ್ಬಿಗೂಡು
+1. ಬಿಡಲಾಗದ ಸಾಫ್ಟ್‌ವೇರ್ ಯಾವುದು ಅಂತ ಪಟ್ಟಿ ಮಾಡಿದ್ರೆ ಓಎಸ್ ಯಾವುದು ಅನ್ನೋದು ತಾನಾಗೇ ಇತ್ಯರ್ಥ ಆಗುತ್ತೆ.

ಕಾಗದದೋಣಿ
ಮ್ಯಾಕ್ರೋ ಇಲ್ಲ, ಟೋಕನ್ ಇಲ್ಲ. ಸರಿ, ಎಸ್‌ಎಸ್‌ಡಿ ಮತ್ತು ರ‍್ಯಾಮ್ ಹಾಕ್ತೀನಿ. ರ‍್ಯಾಮ್ ಯಾವುದು ಅಂತ ತಿಳಿಯೋದು ಹೇಗೆ? ಹಳೇ ಡಿಸ್ಕನ್ನ ಹಾಗೇ ಕ್ಲೋನ್ ಮಾಡಬಹುದಾ, ಹೊಸದಾಗಿ ಹಾಕಬೇಕಾ?

ಸ್ಕ್ರೂಡ್ರೈವರ್
6200ಯು ಎರಡು ಥರದ ರ‍್ಯಾಮ್ ಒಪ್ಪುತ್ತೆ, ಯಾವುದು ಅನ್ನೋದು ಮದರ್‌ಬೋರ್ಡಿನ ಮೇಲೆ ನಿಂತಿದೆ. ಟಾಸ್ಕ್ ಮ್ಯಾನೇಜರ್, ಪರ್ಫಾರ್ಮೆನ್ಸ್, ಮೆಮೊರಿಗೆ ಹೋಗಿ. ವೇಗ 1600 ಇದ್ರೆ ಡಿಡಿಆರ್3ಎಲ್ (204 ಪಿನ್, 1.35 ವೋಲ್ಟ್), 2133 ಇದ್ರೆ ಡಿಡಿಆರ್4 (260 ಪಿನ್). ಡಿಡಿಆರ್3 ಕೊಳ್ಳುವಾಗ ಕೊನೆಯ ‘ಎಲ್’ ಇದೆಯಾ ಅಂತ ಚೀಟಿ ನೋಡಿ, 1.5 ವೋಲ್ಟಿನದ್ದು ಇದರಲ್ಲಿ ನಡೆಯಲ್ಲ. ಅಲ್ಲೇ ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಅಂತಲೂ ತೋರಿಸುತ್ತೆ. ಒಂದು ಖಾಲಿ ಇದ್ರೆ ಇನ್ನೊಂದು 4 ಜಿಬಿ ಹಾಕಿ. ಎರಡು ಕಡೆ ಸಮ ಇದ್ರೆ ಡ್ಯುಯಲ್ ಚಾನೆಲ್ ಆಗುತ್ತೆ, ಅಂದ್ರೆ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ, ಪ್ರತ್ಯೇಕ ಗ್ರಾಫಿಕ್ಸ್ ಇಲ್ಲದ ಯಂತ್ರಕ್ಕೆ ಅದರ ಲಾಭ ಕಾಣುತ್ತೆ.

ಕ್ಲೋನ್ ಬೇಡ ಅಂತ ನನ್ನ ಮತ. ದೊಡ್ಡ ಡಿಸ್ಕಿನಿಂದ ಸಣ್ಣದಕ್ಕೆ ಕ್ಲೋನ್‌ಜಿಲ್ಲಾ ಅನ್ನೋ ನಕಲು ತಂತ್ರಾಂಶ ಸುಮ್ಮನೆ ಒಪ್ಪಲ್ಲ, ಮೊದಲು ಪಾರ್ಟಿಶನ್ (ಡಿಸ್ಕಿನ ಭಾಗ) ಕುಗ್ಗಿಸಬೇಕು. ಕುಗ್ಗಿಸಿದ್ರೂ ರಿಕವರಿ ಪಾರ್ಟಿಶನ್ ಡಿಸ್ಕಿನ ತುದಿಯಲ್ಲೇ ಕೂತು ಅಡ್ಡ ಬರುತ್ತೆ. ಅಷ್ಟೇ ಅಲ್ಲ, ವರ್ಷಗಟ್ಟಲೆ ಸೇರಿದ ಕಸವೂ ಜೊತೆಗೇ ಬರುತ್ತೆ. ಹೊಸದಾಗಿ ವಿಂಡೋಸ್ ಹಾಕುವಾಗ ಪ್ರಾಡಕ್ಟ್ ಕೀ ಇಲ್ಲ ಅನ್ನೋದನ್ನ ಒತ್ತಿ, ಅದೇ ಹೋಮ್ ಆವೃತ್ತಿ ಆರಿಸಿ. ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತೆ, ನೆಟ್ ಸಿಕ್ಕ ಕೂಡಲೇ ತಾನೇ ಆಕ್ಟಿವೇಟ್ ಆಗುತ್ತೆ.

ಬಿಚ್ಚೋ ರೀತಿ. ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಕೊಡಿ. ಬರೀ ಶಟ್‌ಡೌನ್ ಕೊಟ್ರೆ ಫಾಸ್ಟ್ ಸ್ಟಾರ್ಟಪ್‌ನಿಂದಾಗಿ ಅದು ಅರೆನಿದ್ರೆ ಮಾತ್ರ. ಚಾರ್ಜರ್ ತೆಗೆಯಿರಿ, ಹೊರಗಿನಿಂದ ಕಳಚೋ ಬ್ಯಾಟರಿ ಆದ್ರೆ ಅದನ್ನೂ ತೆಗೆದು ಪವರ್ ಗುಂಡಿ 15 ಸೆಕೆಂಡ್ ಒತ್ತಿ ಹಿಡಿಯಿರಿ. ಡಿವಿಡಿ ಡ್ರೈವ್ ಇದ್ರೆ ಒಂದೇ ಸ್ಕ್ರೂ ತೆಗೆದು ಅದನ್ನ ಮೊದಲು ಹೊರಗೆಳೆಯಿರಿ. ಅದರ ಗೂಡಿನ ಅಂಚಿನಲ್ಲಿ ಎರಡು ಮೂರು ಪುಟ್ಟ ಸ್ಕ್ರೂ ಅಡಗಿರುತ್ತವೆ. ಅವನ್ನ ಬಿಟ್ಟು ತಳ ಎಬ್ಬಿಸೋಕೆ ಹೋದ್ರೆ ಪ್ಲಾಸ್ಟಿಕ್ ಸೀಳುತ್ತೆ. ರಬ್ಬರ್ ಕಾಲುಗಳ ಕೆಳಗೂ ನೋಡಿ. ಸ್ಕ್ರೂಗಳ ಉದ್ದ ಬೇರೆ ಬೇರೆ, ತೆಗೆದ ಜಾಗದ ಚಿತ್ರ ಕಾಗದದಲ್ಲಿ ಗೀಚಿ ಅಲ್ಲಲ್ಲೇ ಅಂಟಿಸಿಡಿ. ಉದ್ದದ್ದನ್ನ ಗಿಡ್ಡದ ಜಾಗಕ್ಕೆ ಬಿಗಿದ್ರೆ ಮೇಲಿನ ಅಂಗೈ ಇಡೋ ಜಾಗದಲ್ಲಿ ಗುಳ್ಳೆ ಏಳುತ್ತೆ. ತಳ ತೆರೆದ ಮೇಲೆ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸೋದು, ತಂತಿ ಹಿಡಿದು ಎಳೆಯದೆ ಕನೆಕ್ಟರನ್ನೇ ಹಿಡಿದು. ಹಳೇ ಡಿಸ್ಕಿನ ಪಕ್ಕದಲ್ಲಿರೋ ತಗಡಿನ ಚೌಕಟ್ಟಿನ ನಾಲ್ಕು ಸ್ಕ್ರೂ ಬಿಚ್ಚಿ, ಚೌಕಟ್ಟನ್ನ ಎಸ್‌ಎಸ್‌ಡಿಗೆ ಹಾಕಿ, ಅದೇ ಕೇಬಲ್ಲಿಗೆ ಕೂರಿಸಿ. ರ‍್ಯಾಮ್ ಓರೆಯಾಗಿ ಸೇರಿಸಿ ಕೆಳಕ್ಕೆ ಒತ್ತಿದಾಗ ಎರಡೂ ಬದಿಯ ಕ್ಲಿಪ್ ಟಕ್ ಅನ್ನಬೇಕು. ಒಂದೇ ಬದಿ ಟಕ್ ಅಂದ್ರೆ ಕೂತಿಲ್ಲ ಅಂತ ಅರ್ಥ, ಪರದೆ ಕಪ್ಪಾಗೇ ಉಳಿಯುತ್ತೆ. ತೆರೆದದ್ದು ತೆರೆದಿದ್ದೀರಿ, ಫ್ಯಾನಿನ ಧೂಳೂ ಊದಿ, ಆದರೆ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದುಕೊಂಡು.

ಬಯೋಸ್_ಭಟ್ಟ
ಎರಡು ಹಳ್ಳ ಇದೆ ಈ ದಾರೀಲಿ, ನೋಡ್ಕೊಂಡು ಹೋಗಿ.

ಮೊದಲನೆಯದು ಡಿಸ್ಕಿಗೆ ಬೀಗ ಹಾಕೋ ಡಿವೈಸ್ ಎನ್‌ಕ್ರಿಪ್ಶನ್, ಅಂದ್ರೆ ಬಿಟ್‌ಲಾಕರ್. ಅದು ಆನ್ ಇದ್ದಾಗ ಸೆಕ್ಯೂರ್ ಬೂಟ್ ಅಥವಾ ಟಿಪಿಎಂ ಮುಟ್ಟಿದ್ರೆ ಮುಂದಿನ ಬೂಟ್‌ನಲ್ಲಿ 48 ಅಂಕಿಯ ರಿಕವರಿ ಕೀ ಕೇಳುತ್ತೆ. ಕೀ ಇಲ್ಲ ಅಂದ್ರೆ ಡೇಟಾ ಇಲ್ಲ, ರಾಜಿ ಪ್ರಶ್ನೆಯೇ ಇಲ್ಲ. ಸಾಮಾನ್ಯವಾಗಿ ಅದು ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತೆ. ಬಯೋಸ್ ಒಳಗೆ ಕಾಲಿಡೋ ಮುಂಚೆ ಖಾತೆಗೆ ಹೋಗಿ ಕೀಯನ್ನ ಕಾಗದದ ಮೇಲೆ ಬರೆದಿಡಿ, ಇಲ್ಲವೇ ಎನ್‌ಕ್ರಿಪ್ಶನ್ ಆಫ್ ಮಾಡಿ. ಹೊಸ ವಿಂಡೋಸ್ 11 ಲ್ಯಾಪ್‌ಟಾಪ್ ಇರೋರಿಗಂತೂ ಇದು ಖಂಡಿತ ಅನ್ವಯ: 24ಎಚ್2ರ ಹೊಸ ಅಳವಡಿಕೆಯಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ್ರೆ ಇದು ಕೇಳದೇನೇ ಆನ್ ಆಗುತ್ತೆ.

ಎರಡನೆಯದು ಲಿನಕ್ಸ್ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿರೋದು. ಕಾರಣ ಬಯೋಸ್‌ನಲ್ಲಿ ಸ್ಟೋರೇಜ್ ಸ್ಥಿತಿ ಆರ್‌ಎಸ್‌ಟಿ ಅಥವಾ ರೇಡ್ ಅಂತ ಇರೋದು. ಅದನ್ನ ಲಿನಕ್ಸ್‌ಗೆ ಅರ್ಥವಾಗೋ ಎಎಚ್‌ಸಿಐ ಸ್ಥಿತಿಗೆ ಬದಲಿಸಬೇಕು. ಆದರೆ ಇರೋ ವಿಂಡೋಸ್ ಉಳಿಸಿಕೊಂಡು ಬದಲಿಸಿದ್ರೆ ಅದು ನೀಲಿ ಪರದೆಗೆ ಬೀಳುತ್ತೆ, ಯಾಕಂದ್ರೆ ಎಎಚ್‌ಸಿಐ ಡ್ರೈವರ್ ಶುರುವಿನಲ್ಲೇ ಲೋಡ್ ಆಗೋ ಹಾಗೆ ಹೊಂದಿಸಿರಲ್ಲ. ಉಪಾಯ ಹೀಗೆ: ವಿಂಡೋಸ್‌ನ ಎಂಎಸ್‌ಕಾನ್ಫಿಗ್ ತೆರೆದು ಬೂಟ್ ಟ್ಯಾಬ್‌ನಲ್ಲಿ ಸೇಫ್ ಬೂಟ್ ಗುರುತು ಹಾಕಿ, ರೀಸ್ಟಾರ್ಟ್ ಮಾಡಿ ನೇರ ಬಯೋಸ್‌ಗೆ ಹೋಗಿ ಎಎಚ್‌ಸಿಐ ಆರಿಸಿ, ಸೇಫ್ ಮೋಡ್‌ಗೆ ಒಮ್ಮೆ ಬೂಟ್ ಆಗಲಿ, ಆಮೇಲೆ ಗುರುತು ತೆಗೆದು ಮತ್ತೆ ರೀಸ್ಟಾರ್ಟ್. ಸೇಫ್ ಮೋಡ್ ಒಮ್ಮೆ ನಡೆದಾಗ ಡ್ರೈವರ್ ತಾನೇ ಸರಿಹೋಗುತ್ತೆ. ಎಸ್‌ಎಸ್‌ಡಿ ಖಾಲಿ ಇದ್ರೆ ಈ ಗೊಡವೆ ಇಲ್ಲ, ಮೊದಲೇ ಎಎಚ್‌ಸಿಐ ಮಾಡಿ ಇನ್‌ಸ್ಟಾಲ್‌ಗೆ ಕೂತ್ಕೊಳ್ಳಿ.

ಜೋಡೆತ್ತು
ವಿಂಡೋಸ್ ಮತ್ತು ಮಿಂಟ್ ಎರಡನ್ನೂ ಒಂದೇ ಡಿಸ್ಕಲ್ಲಿ ಇಡೋರಿಗೆ: ವಿಂಡೋಸ್ ಮೊದಲು, ಮಿಂಟ್ ಆಮೇಲೆ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಇಲ್ಲದಿದ್ರೆ ವಿಂಡೋಸ್ ಪಾರ್ಟಿಶನ್ ಅರ್ಧ ತೆರೆದ ಸ್ಥಿತಿಯಲ್ಲೇ ಉಳಿದು, ಮಿಂಟ್‌ನಲ್ಲಿ ಓದಬಹುದು ಬರೆಯಲಾಗಲ್ಲ ಅನ್ನೋ ಹಾಗಾಗುತ್ತೆ. ಒಂದರಿಂದ ಇನ್ನೊಂದಕ್ಕೆ ಹೋದಾಗ ಗಡಿಯಾರ ಅದಲುಬದಲಾಗೋದು ವೈರಸ್ ಅಲ್ಲ ಮಾರಾಯ್ರೆ. ಯಂತ್ರದ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯ ಇಡುತ್ತೆ, ಲಿನಕ್ಸ್ ಯುಟಿಸಿ (ಜಾಗತಿಕ ಸಮಯ) ಇಡುತ್ತೆ, ಅಷ್ಟೇ. ಲಿನಕ್ಸ್‌ಗೆ ಸ್ಥಳೀಯ ಸಮಯವನ್ನೇ ಬಳಸು ಅಂತ ಟೈಮ್‌ಡೇಟ್‌ಸಿಟಿಎಲ್ ಅನ್ನೋ ಕಮಾಂಡ್‌ನಲ್ಲಿ ಹೇಳಿದ್ರೆ ಮುಗೀತು.

ಎನ್‌ವಿಡಿಯಾ ಗ್ರಾಫಿಕ್ಸ್ ಇದ್ದು ಸೆಕ್ಯೂರ್ ಬೂಟ್ ಆನ್ ಇದ್ರೆ, ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತೆ. ರೀಸ್ಟಾರ್ಟ್ ಆದಾಗ ಒಂದು ನೀಲಿ ಪುಟ ಬರುತ್ತೆ, ಅಲ್ಲಿ ಎನ್‌ರೋಲ್ ಮೋಕ್ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಆ ಪುಟ ಕೆಲವೇ ಸೆಕೆಂಡು ಕಾದು ಹೋಗಿಬಿಡುತ್ತೆ. ತಪ್ಪಿಸಿಕೊಂಡ್ರೆ ಡ್ರೈವರ್ ಹಾಕಿದ್ದೂ ಹಾಕದ್ದೂ ಒಂದೇ.

ಸೇಬುತೋಟ
ಯಾರೂ ಮ್ಯಾಕ್ ಅನ್ನಲಿಲ್ಲವಲ್ಲ. ಹೊಸದೇ ಕೊಳ್ಳೋದಾದ್ರೆ ಆಪಲ್‌ನದೇ ಎಂ ಸರಣಿ ಚಿಪ್ ಇರೋ ಮ್ಯಾಕ್‌ಬುಕ್ ಏರ್‌ಗೆ ಫ್ಯಾನೇ ಇಲ್ಲ, ಸದ್ದಿಲ್ಲ, ಬ್ಯಾಟರಿ ದಿನವಿಡೀ ಬರುತ್ತೆ.

ಸ್ಕ್ರೂಡ್ರೈವರ್
ರ‍್ಯಾಮೂ ಎಸ್‌ಎಸ್‌ಡಿಯೂ ಬೆಸುಗೆ. ಕೊಳ್ಳೋ ದಿನ ಏನು ಆರಿಸಿದಿರೋ ಅದೇ ಕೊನೆವರೆಗೆ.

ಸೇಬುತೋಟ
ಒಪ್ಪಿದೆ, ಅದಕ್ಕೇ 8 ಜಿಬಿಯದ್ದು ಬೇಡ. 2024ರ ಅಕ್ಟೋಬರ್‌ನಿಂದ ಏರ್‌ನ ಆರಂಭದ ಆವೃತ್ತಿಯೇ 16 ಜಿಬಿ. ಸೆಕೆಂಡ್ ಹ್ಯಾಂಡ್ ಇಂಟೆಲ್ ಮ್ಯಾಕ್ ಯಾರಾದ್ರೂ ಅಗ್ಗಕ್ಕೆ ಅಂದ್ರೂ ಬೇಡ ಅನ್ನಿ. ಮ್ಯಾಕ್‌ಓಎಸ್ 26 ಇಂಟೆಲ್ ಯಂತ್ರಗಳಿಗೆ ಕೊನೇದು ಅಂತ ಆಪಲ್ ಹೇಳಿಯಾಗಿದೆ.

ವಿಂಡೋಸ್‌ನಿಂದ ಬಂದೋರು ತಡವರಿಸೋ ಜಾಗಗಳು: ಕೆಂಪು ಗುಂಡಿ ಒತ್ತಿದ್ರೆ ಕಿಟಕಿ ಮುಚ್ಚುತ್ತೆ, ಆ್ಯಪ್ ಮುಚ್ಚಲ್ಲ, ಅದಕ್ಕೆ ಕಮಾಂಡ್ ಕ್ಯೂ. ಫೈಂಡರ್‌ನಲ್ಲಿ (ಮ್ಯಾಕ್‌ನ ಫೈಲ್ ಕಿಟಕಿ) ಫೈಲನ್ನ ಕಟ್ ಮಾಡೋ ಹಾಗಿಲ್ಲ, ಕಮಾಂಡ್ ಸಿ ಒತ್ತಿ, ಬೇಕಾದ ಕಡೆ ಹೋಗಿ ಕಮಾಂಡ್ ಆಪ್ಷನ್ ವಿ. ಎನ್‌ಟಿಎಫ್‌ಎಸ್ (ವಿಂಡೋಸ್ ರೂಪದ) ಡಿಸ್ಕು ಓದುತ್ತೆ, ಬರೆಯಲ್ಲ. ಎರಡೂ ಕಡೆ ಓಡಾಡೋ ಡಿಸ್ಕನ್ನ ಎಕ್ಸ್‌ಫ್ಯಾಟ್ ರೂಪಕ್ಕೆ ಫಾರ್ಮ್ಯಾಟ್ ಮಾಡಿಡಿ. ಎಂ1 ಏರ್ ಹೊರಗಿನ ಮಾನಿಟರ್ ಒಂದನ್ನ ಮಾತ್ರ ಒಪ್ಪುತ್ತೆ.

ಮ್ಯಾಕ್ರೋಮಂಜರಿ
ಬಳಕೆ ಸುಲಭ ಅಂತ ವಿಂಡೋಸ್ 11ನ್ನೂ ಹೊಗಳೋ ಹಾಗಿಲ್ಲ. ರೈಟ್ ಕ್ಲಿಕ್ ಮೆನು ಅರ್ಧ ಬಚ್ಚಿಟ್ಟಿದ್ದಾರೆ (ಶಿಫ್ಟ್ ಒತ್ತಿ ರೈಟ್ ಕ್ಲಿಕ್ ಮಾಡಿದ್ರೆ ಹಳೇದು ಬರುತ್ತೆ). ಅದಕ್ಕಿಂತ ಕಿರಿಕಿರಿ ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹ ಒನ್‌ಡ್ರೈವ್‌ದು. ಶುರುವಿನಲ್ಲಿ ಸುಮ್ಮನೆ ಮುಂದೆ ಮುಂದೆ ಒತ್ತಿದವರ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ಒನ್‌ಡ್ರೈವ್ ಫೋಲ್ಡರ್ ಒಳಕ್ಕೆ ಸೇರಿಬಿಡುತ್ತವೆ. ಉಚಿತ ಜಾಗ 5 ಜಿಬಿ, ತುಂಬಿದ ಮೇಲೆ ದಿನಾ ಎಚ್ಚರಿಕೆ. ಜಾಗ ಮಾಡೋಣ ಅಂತ ಜಾಲತಾಣದಲ್ಲಿ ಫೈಲ್ ಅಳಿಸಿದ್ರೆ ಕಂಪ್ಯೂಟರ್‌ನಿಂದಲೂ ಹೋಗುತ್ತೆ, ಯಾಕಂದ್ರೆ ಅದು ನಕಲಲ್ಲ, ಸಿಂಕ್. ಮೊದಲು ಒನ್‌ಡ್ರೈವ್ ಸೆಟ್ಟಿಂಗ್‌ನಲ್ಲಿ ಬ್ಯಾಕಪ್ ನಿಲ್ಲಿಸಿ, ಫೈಲುಗಳನ್ನ ಮಾಮೂಲಿ ಫೋಲ್ಡರ್‌ಗೆ ಸಾಗಿಸಿ, ಆಮೇಲೆ ಅಳಿಸೋ ಮಾತು.

ಪೆಂಗ್ವಿನ್_ಪರ
ನ್ಯಾಯವಾಗಿ ಹೇಳ್ಬೇಕು ಅಂದ್ರೆ ಮಿಂಟ್‌ನಲ್ಲೂ ಇಂಥದ್ದೊಂದಿದೆ. ಟೈಮ್‌ಶಿಫ್ಟ್ ಅನ್ನೋ ಬ್ಯಾಕಪ್ ಸೌಲಭ್ಯ ಇದೆ ಅಂತ ನೆಮ್ಮದಿಯಾಗಿರ್ತಾರೆ, ಅದು ಉಳಿಸೋದು ಸಿಸ್ಟಮ್ ಫೈಲುಗಳನ್ನ. ನಿಮ್ಮ ಹೋಮ್ ಫೋಲ್ಡರ್ ಅದರಲ್ಲಿ ಡಿಫಾಲ್ಟ್ ಆಗಿ ಸೇರಲ್ಲ. ಫೋಟೋ, ಕಡತಕ್ಕೆ ಬೇರೆ ಡಿಸ್ಕಿಗೆ ಪ್ರತ್ಯೇಕ ಬ್ಯಾಕಪ್ ಬೇಕೇ ಬೇಕು.

1366 × 768ರಲ್ಲಿ ಕೆಲವು ಸೆಟ್ಟಿಂಗ್ ಕಿಟಕಿಗಳ ಓಕೆ ಗುಂಡಿ ಪರದೆಯ ಕೆಳಗೆ ಹೋಗಿ ಸಿಗಲ್ಲ. ಆಲ್ಟ್ ಒತ್ತಿ ಹಿಡಿದು ಕಿಟಕಿಯ ಎಲ್ಲಾದ್ರೂ ಮೌಸಿನಿಂದ ಹಿಡಿದು ಮೇಲಕ್ಕೆ ಎಳೆಯಿರಿ. ವಿಂಡೋಸ್‌ನಲ್ಲಾದ್ರೆ ಆಲ್ಟ್ ಸ್ಪೇಸ್, ಆಮೇಲೆ ಎಂ, ಆಮೇಲೆ ಬಾಣದ ಕೀ. ಇನ್ನು ಯೂಟ್ಯೂಬ್ ವಿಡಿಯೋ ತಡವರಿಸೋದು ಓಎಸ್ ತಪ್ಪಲ್ಲ. ಈ ಪ್ರೊಸೆಸರ್‌ನಲ್ಲಿ ಯೂಟ್ಯೂಬ್ ಬಳಸೋ ಎವಿ1 ಅನ್ನೋ ವಿಡಿಯೋ ರೂಪ ಬಿಚ್ಚೋ ಯಂತ್ರಾಂಶ ಇಲ್ಲ, ಇಡೀ ಭಾರ ಸಿಪಿಯು ಮೇಲೆ. ಬ್ರೌಸರ್‌ಗೆ ಎಚ್264ಇಫೈ ಎಕ್ಸ್‌ಟೆನ್ಶನ್ ಹಾಕಿದ್ರೆ ವಿಡಿಯೋ ಹಳೇ ಎಚ್.264 ರೂಪದಲ್ಲೇ ಬರುತ್ತೆ, ಫ್ಯಾನ್ ಸದ್ದು ಇಳಿಯುತ್ತೆ. 1080ಪಿಗಿಂತ ಮೇಲೆ ಸಿಗಲ್ಲ, ನಿಮ್ಮ ಪರದೆಗೆ ಅದರ ಗರಜೂ ಇಲ್ಲ.

ನೀಲಿಪರದೆ
ಹೊಸದೇ ಬೇಕು ಅನ್ನೋರಿಗೆ ಡಬ್ಬಿಯ ಚೀಟಿ ಓದೋ ಬಗ್ಗೆ. 64 ಜಿಬಿ ಇಎಂಎಂಸಿ (ಎಸ್‌ಎಸ್‌ಡಿಗಿಂತ ಅಗ್ಗದ ಸಂಗ್ರಹ ಚಿಪ್) ಅಂತಿದ್ರೆ ಮುಟ್ಟಬೇಡಿ. ವಿಂಡೋಸೇ 25ರಿಂದ 30 ಜಿಬಿ ನುಂಗುತ್ತೆ, ದೊಡ್ಡ ಅಪ್‌ಡೇಟ್‌ಗೆ ಜಾಗ ಸಾಲಲ್ಲ. ಪರದೆ 250 ನಿಟ್ಸ್ (ಬೆಳಕಿನ ಅಳತೆ), 45% ಎನ್‌ಟಿಎಸ್‌ಸಿ (ಬಣ್ಣದ ಅಳತೆ) ಅಂತಿದ್ರೆ ಬಣ್ಣ ಸಪ್ಪೆ, ಕಿಟಕಿ ಪಕ್ಕ ಕೂತ್ರೆ ಏನೂ ಕಾಣಲ್ಲ. 300 ನಿಟ್ಸ್‌ಗಿಂತ ಮೇಲೆ, 100% ಎಸ್‌ಆರ್‌ಜಿಬಿ ಹುಡುಕಿ. ಹೆಸರಿನ ದೊಡ್ಡ ಅಂಕಿಗೆ ಮರುಳಾಗಬೇಡಿ. ರೈಜನ್ 7000 ಸಾಲಿನ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಮೂರನೇ ಅಂಕಿ ನೋಡಬೇಕು: 7520ಯು ಅಂದ್ರೆ ಒಳಗಿನ ವಿನ್ಯಾಸ ಹಳೇ ಜೆನ್ 2, 7530ಯು ಜೆನ್ 3, 7540ಯು ಜೆನ್ 4. ಒಂದೊಂದೇ ಅಂಕಿ ವ್ಯತ್ಯಾಸ, ಒಳಗೆ ತಲೆಮಾರುಗಳ ಅಂತರ. ಯುಎಸ್‌ಬಿ ಸಿ ಇದ್ದ ಮಾತ್ರಕ್ಕೆ ಚಾರ್ಜೂ ಆಗುತ್ತೆ, ಮಾನಿಟರೂ ನಡೆಯುತ್ತೆ ಅಂತಲ್ಲ, ಪವರ್ ಡೆಲಿವರಿ ಮತ್ತು ಡಿಸ್‌ಪ್ಲೇಪೋರ್ಟ್ ಎರಡನ್ನೂ ಬೇರೆ ಬೇರೆಯಾಗಿ ಖಚಿತ ಮಾಡ್ಕೊಳ್ಳಿ.

ಗುಬ್ಬಿಗೂಡು
ಹಳೇದಕ್ಕೆ ಖರ್ಚು ಮಾಡೋ ಮುಂಚೆ ಬ್ಯಾಟರಿ ನೋಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಅಂತ ಬರೆದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ ಬ್ಯಾಟರಿರಿಪೋರ್ಟ್ ಅಂತ ಸೇರಿಸಿ ಕೊಟ್ರೆ ಒಂದು ವರದಿ ಫೈಲ್ ಸಿಗುತ್ತೆ. ಅದರಲ್ಲಿ ಡಿಸೈನ್ ಕೆಪಾಸಿಟಿ 41,000, ಫುಲ್ ಚಾರ್ಜ್ ಕೆಪಾಸಿಟಿ 24,000 ಇದ್ರೆ ಉಳಿದಿರೋದು ಸುಮಾರು 58%. ಟಚ್‌ಪ್ಯಾಡ್ ಉಬ್ಬಿದ್ರೆ, ಕ್ಲಿಕ್ ಬಿಗಿಯಾದ್ರೆ ಬ್ಯಾಟರಿ ಊದಿಕೊಂಡಿರೋ ಸಾಧ್ಯತೆ ಹೆಚ್ಚು. ಚಾರ್ಜ್ ಹಾಕದೆ, ಚುಚ್ಚದೆ ಬದಲಾಯಿಸಿ.

ಕಾಗದದೋಣಿ
ವರದಿಯಲ್ಲಿ 71% ಇದೆ, ಸದ್ಯಕ್ಕೆ ನಡೆಯುತ್ತೆ. 500 ಜಿಬಿ ಸಾಟಾ, ಇನ್ನೊಂದು 4 ಜಿಬಿ ಡಿಡಿಆರ್3ಎಲ್, ಮಿಂಟ್ ಸಿನಮನ್ ಅಂತ ತೀರ್ಮಾನ. ಹಳೇ 1 ಟಿಬಿ ಡಿಸ್ಕನ್ನ ಬ್ಯಾಕಪ್‌ಗೆ ಬಳಸಬಹುದಾ?

ಬಯೋಸ್_ಭಟ್ಟ
ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ತಂತ್ರಾಂಶದಲ್ಲಿ ಅದರ ಆರೋಗ್ಯ ನೋಡಿ. ರೀಅಲೊಕೇಟೆಡ್ ಸೆಕ್ಟರ್, ಕರೆಂಟ್ ಪೆಂಡಿಂಗ್ ಸೆಕ್ಟರ್ (ಕೆಟ್ಟ, ಕೆಡುತ್ತಿರೋ ಜಾಗಗಳ ಲೆಕ್ಕ) ಎರಡೂ ಸೊನ್ನೆ ಇದ್ರೆ ಯುಎಸ್‌ಬಿ ಕೇಸಿಗೆ ಹಾಕಿ ಎರಡನೇ ಪ್ರತಿಗೆ ಬಳಸಿ, ಇರೋ ಒಂದೇ ಪ್ರತಿಗೆ ಬೇಡ. ಪೆಂಡಿಂಗ್ ಸಂಖ್ಯೆ ಏರುತ್ತಿದ್ರೆ ಬೇಕಾದ ಫೈಲುಗಳನ್ನ ಮೊದಲು ಎತ್ತಿಕೊಳ್ಳಿ, ಆ ಡಿಸ್ಕಿನ ಮೇಲೆ ಬೇರೆ ಯಾವ ಪರೀಕ್ಷೆಯನ್ನೂ ಓಡಿಸೋಕೆ ಹೋಗಬೇಡಿ. ಮಿಂಟ್ ಹಾಕಿ ವಾರ ಎರಡು ವಾರ ಎಲ್ಲ ಸರಿ ನಡೆಯೋವರೆಗೆ ಹಳೇ ವಿಂಡೋಸ್ ಇರೋ ಆ ಡಿಸ್ಕನ್ನ ಅಳಿಸಬೇಡಿ. ಏನಾದ್ರೂ ಬಿಟ್ಟುಹೋಗಿದ್ರೆ ಕೇಸಿಗೆ ಹಾಕಿ ಸಿಕ್ಕಿಸಿದ್ರೆ ಮಿಂಟ್‌ನ ಫೈಲ್ ಮ್ಯಾನೇಜರ್‌ನಲ್ಲೇ ತೆರೆಯುತ್ತೆ. ಶಿಫ್ಟ್ ಒತ್ತಿ ಶಟ್‌ಡೌನ್ ಮಾಡಿ ತೆಗೆದಿದ್ರೆ ಬರೆಯೋಕೂ ಅಡ್ಡಿಯಿಲ್ಲ.